ಹತ್ತೊಂಬತ್ತನೇ ಸಾಲಿನ ಹುಲ್ಲು

ಯುರೋಪಿಗೆ ನಾನು ಇವತ್ತಿನವರೆಗೂ ಕಾಲಿಟ್ಟಿಲ್ಲ. ಆದರೂ ಅಲ್ಲಿನ ಒಂದು ಗುಡ್ಡಗಾಡು ಪ್ರಾಂತ್ಯ ಮುಂದಿನ ಏಳು ವರ್ಷ ಏನು ಸಂಶೋಧನೆ ಮಾಡಬೇಕು, ಯಾವುದನ್ನು ಕೈಬಿಡಬೇಕು ಅನ್ನುವ ಕಡತ ತಯಾರಾದದ್ದು ದುಬೈನಲ್ಲಿ, ಜುಮೇರಾ ಲೇಕ್ ಟವರ್ಸ್‌ನ ಇಪ್ಪತ್ತೆರಡನೇ ಮಹಡಿಯಲ್ಲಿ, ನನ್ನ ಮೇಜಿನ ಮೇಲೆ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಪ್ರಾಂತ್ಯದವರು ಅಲ್ಲಿನ ಒಂದು ಸಲಹಾ ಕಂಪನಿಗೆ ಕೆಲಸ ಒಪ್ಪಿಸಿದರು, ಅದು ನಮ್ಮ ಕಂಪನಿಗೆ ದಾಟಿಸಿತು, ನಮ್ಮ ಬಾಸ್ ನನಗೆ ದಾಟಿಸಿದರು. ನನ್ನ ಕೆಳಗೆ ಯಾರೂ ಇಲ್ಲದ್ದರಿಂದ ಕೆಲಸ ಅಲ್ಲಿಗೆ ನಿಂತಿತು.

ಕೆಲಸ ಅಂದರೆ ಒಂದು ಪಟ್ಟಿ. ಎಡಗಡೆ ಪ್ರಾಂತ್ಯದವರು ನಡೆಸಬೇಕೆಂದಿರುವ ಸಂಶೋಧನೆಗಳು, ಸಾಲಿಗೊಂದು. ಪಕ್ಕದಲ್ಲಿ, ಅದು ಇಡೀ ಯುರೋಪಿನ ಯಾವ ನೀತಿಗೆ ಹೊಂದುತ್ತದೆ ಅಂತ ಬರೆಯಬೇಕು. ಹಸಿರು, ಡಿಜಿಟಲ್, ಆರೋಗ್ಯ, ಹೀಗೆ ಕೆಲವು ದೊಡ್ಡ ದೊಡ್ಡ ಮಾತುಗಳಿವೆ. ಅದರಾಚೆ ಇನ್ನೆರಡು ಕಾಲಂ, ಈಗ ಏನು ನಡೆಯುತ್ತಿದೆ, ಮುಂದೆ ಏನು ಬದಲಾಗುತ್ತದೆ. ಹೊಂದಿದರೆ ಅನುದಾನ ಉಂಟು, ಇಲ್ಲದಿದ್ದರೆ ಆ ಸಾಲು ಔಟ್. ಜಾತಕ ಕೂಡಿಸುವ ಕೆಲಸ ಅನ್ನಿ, ಕೂಡಲೇಬೇಕು ಅಂತ ಎರಡೂ ಮನೆಯವರು ಮೊದಲೇ ತೀರ್ಮಾನ ಮಾಡಿರುವ ಜಾತಕ.

ಹದಿನೆಂಟು ಸಾಲು ಸಲೀಸಾಗಿ ಕೂಡಿದವು. ಹತ್ತೊಂಬತ್ತನೆಯದು ಹುಲ್ಲಿನ ಲ್ಯಾಬ್. ಆ ಕಡೆ ಚಳಿಗಾಲದಲ್ಲಿ ದನಗಳಿಗೆ ಒಣಹುಲ್ಲೇ ಗತಿ. ಹುಲ್ಲಿಗೆ ಬೂಸ್ಟು ಹಿಡಿದಿದ್ದರೆ ಗಬ್ಬದ ಹಸು ದಿನ ತುಂಬುವ ಮೊದಲೇ ಕಂದು ಹಾಕುತ್ತದೆ, ಕರು ಉಳಿಯುವುದಿಲ್ಲ. ಅದಕ್ಕೇ ರೈತರು ಒಂದು ಹಿಡಿ ಹುಲ್ಲನ್ನು ಚೀಲದಲ್ಲಿ ಹಾಕಿಕೊಂಡು ಈ ಲ್ಯಾಬಿಗೆ ಬರುತ್ತಾರೆ. ಅಲ್ಲೊಬ್ಬ ವಯಸ್ಸಾದ ಹೆಂಗಸು ಅದನ್ನು ಮೂಸಿ, ಮೈಕ್ರೋಸ್ಕೋಪಿನಲ್ಲಿ ನೋಡಿ, 'ಹಾಕಿ' ಅಥವಾ 'ಬೇಡ' ಅನ್ನುತ್ತಾರೆ. ಮೂವತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದಾರೆ.

ಅವರೊಂದಿಗೆ ಒಮ್ಮೆ ವಿಡಿಯೋ ಕಾಲ್‌ನಲ್ಲಿ ಮಾತಾಡಿದ್ದೆ. ನಿಧಾನವಾದ ಇಂಗ್ಲಿಷ್, ಒಂದೊಂದೇ ಪದ ಆರಿಸಿ ಇಟ್ಟಂತೆ. "ಈ ಪಟ್ಟಿಯಲ್ಲಿ ನಾವು ಇಲ್ಲದಿದ್ದರೆ ಲ್ಯಾಬ್ ಮುಚ್ಚುತ್ತಾರೆ. ಇನ್ನೊಂದು ಲ್ಯಾಬಿಗೆ ಹೋಗಿಬರಲು ಒಂದು ದಿನ ಬೇಕು. ಒಂದು ಹಿಡಿ ಹುಲ್ಲು ಹಿಡಿದುಕೊಂಡು ಅಷ್ಟು ದೂರ ಯಾರೂ ಹೋಗುವುದಿಲ್ಲ. ಸುಮ್ಮನೆ ಹಸುವಿಗೆ ಹಾಕಿಬಿಡುತ್ತಾರೆ," ಅಂದರು. ನಾನು ನೋಡಿಕೊಳ್ಳುತ್ತೇನೆ ಅಂತ ಮಾತು ಕೊಟ್ಟೆ.

ಅವರು ಕಳಿಸಿದ ಫಾರ್ಮಿನಲ್ಲಿ 'ಈಗ ಏನು ನಡೆಯುತ್ತಿದೆ' ಅನ್ನುವಲ್ಲಿ ಹುಲ್ಲು ಪರೀಕ್ಷೆ ಅಂತಿತ್ತು. 'ಮುಂದೆ ಏನು ಬದಲಾಗುತ್ತದೆ' ಅನ್ನುವಲ್ಲಿ ಏನೂ ಇರಲಿಲ್ಲ. ಯುರೋಪಿನ ನೀತಿಯ ಕಾಲಂ ಕೂಡ ಖಾಲಿ.

ಬಾಸ್ ಮಂಗಳೂರಿನವರು. ಸ್ಕ್ರೀನಿಗೆ ಬಗ್ಗಿ ನೋಡಿ, "ಎಂತ ಮಾರಾಯ್ರೆ ಇದು? ಹೊಸತು ಎಂತ ಉಂಟು ಇದರಲ್ಲಿ?" ಅಂದರು.

"ಏನೂ ಇಲ್ಲ ಸಾರ್. ಹಸು ಚೆನ್ನಾಗಿರತ್ತೆ, ಅಷ್ಟೇ."

"ಅದನ್ನು ಯುರೋಪಿನವರಿಗೆ ಹೇಳ್ಲಿಕ್ಕೆ ಆಗ್ತದಾ? ಎಂತದಾದ್ರೂ ಬರೀರಿ, ಖಾಲಿ ಮಾತ್ರ ಬಿಡ್ಬೇಡಿ. ಸಂಜೆಗೆ ಹೋಗ್ಬೇಕು, ಯಲ್ಲಾ, ಬೇಗ ಬೇಗ."

ಖಾಲಿ ಬಿಡಬಾರದು ಅನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾವೆಲ್ಲ ಪರೀಕ್ಷೆ ಪಾಸಾದದ್ದೇ ಹಾಗೆ. ಉತ್ತರ ಗೊತ್ತಿಲ್ಲವೇ, ಪ್ರಶ್ನೆಯನ್ನೇ ತಿರುಗಿಸಿ ಬರಿ, ನಂಬರ್ ಹಾಕಿ ಒಂದು ಪುಟ ತುಂಬಿಸು, ಬರೆದದ್ದಕ್ಕೆ ಎರಡು ಮಾರ್ಕ್ಸ್ ಬಿದ್ದೇ ಬೀಳುತ್ತದೆ ಅಂತ ಮೇಷ್ಟ್ರುಗಳೇ ಹೇಳಿಕೊಟ್ಟಿದ್ದರು. ಆ ದಿನ ಅಲ್ಲಿ ರಜೆ, ಲ್ಯಾಬಿನ ಆಕೆ ಫೋನ್ ಎತ್ತಲಿಲ್ಲ. ಬಾಸನ್ನು ಒಪ್ಪಿಸಿ ಒಂದು ದಿನ ಕಾಯಬಹುದಿತ್ತು. ನಾನು ಕಾಯಲಿಲ್ಲ.

ನೀತಿಯ ಕಾಲಂನಲ್ಲಿ ಡಿಜಿಟಲ್ ಅಂತ ಬರೆದೆ. ಕೊನೆಯದರಲ್ಲಿ, ರೈತರು ಮೊಬೈಲಿನಲ್ಲಿ ಹುಲ್ಲಿನ ಫೋಟೊ ಕಳಿಸುತ್ತಾರೆ, ಕಂಪ್ಯೂಟರ್ ಫಲಿತಾಂಶ ಹೇಳುತ್ತದೆ, ಕೈಯಿಂದ ಮಾಡುವ ಪರೀಕ್ಷೆಯನ್ನು ಎರಡನೇ ವರ್ಷದಲ್ಲಿ ನಿಲ್ಲಿಸಲಾಗುವುದು ಅಂತ ಬರೆದೆ. ಎರಡನೇ ವರ್ಷವೇ ಯಾಕೆ ಅಂದರೆ, ಮೊದಲನೆಯದು ಅವಸರವಾಗಿ ಕಂಡಿತು, ಮೂರನೆಯದು ಸೋಮಾರಿತನವಾಗಿ. ಫೋಟೊದಲ್ಲಿ ವಾಸನೆ ಬರುವುದಿಲ್ಲ ಅನ್ನುವುದು ನನಗೆ ಆಗಲೂ ಗೊತ್ತಿತ್ತು.

ಕರಡು ಎಲ್ಲರ ಸಹಿಗೂ ಹೋಗಿ ಒಪ್ಪಿಗೆಯಾಗಿ ಬಂತು. ಹತ್ತೊಂಬತ್ತನೇ ಸಾಲು ಮಾದರಿಯಾಗಿದೆ ಅಂತ ಪರಿಶೀಲಕರು ಪ್ರತ್ಯೇಕವಾಗಿ ಮೆಚ್ಚಿಕೊಂಡಿದ್ದರು. ಬಾಸ್ ಸಮೋಸ ತರಿಸಿದರು. ಲ್ಯಾಬ್ ಉಳಿಯಿತಲ್ಲ ಅಂತ ನನಗೆ ನಿಜವಾಗಿ ಖುಷಿಯಾಗಿ ಎರಡು ತಿಂದೆ.

ಎರಡನೇ ವರ್ಷದ ಚಳಿಗಾಲ ಮುಗಿದ ಮೇಲೆ ಪ್ರಗತಿ ಪರಿಶೀಲನೆಯ ಕಾಲ್ ಬಂತು. ಬಾಸ್ ನನ್ನ ಪಕ್ಕದಲ್ಲೇ ಕೂತಿದ್ದರು. ಸ್ಕ್ರೀನಿನಲ್ಲಿ ಲ್ಯಾಬಿನ ಆಕೆಯ ಹಿಂದೆ ಖಾಲಿ ಬೆಂಚು ಕಾಣುತ್ತಿತ್ತು, ಮೈಕ್ರೋಸ್ಕೋಪನ್ನು ಒಳಗಿಟ್ಟಿದ್ದೇವೆ ಅಂದರು. ಕಂಪ್ಯೂಟರಿನ ಹುಡುಗರು ಒಳ್ಳೆಯವರು ಅಂದರು. ಆದರೆ ಬೂಸ್ಟು ಹುಲ್ಲಿನ ಹೊರೆಯ ಒಳಗಿರುತ್ತದೆ, ಫೋಟೊ ಹೊರಗಿನದು. ಒಂದೇ ಕೊಟ್ಟಿಗೆಯಲ್ಲಿ ನಾಲ್ಕು ಹಸು ಕಂದು ಹಾಕಿದವು. ಇದನ್ನೆಲ್ಲ ದೂರುವ ಹಾಗೆ ಹೇಳಲಿಲ್ಲ, ವರದಿ ಕೊಟ್ಟ ಹಾಗೆ ಹೇಳಿದರು. ಆಮೇಲೆ ಕೇಳಿದರು, "ಕೈ ಪರೀಕ್ಷೆ ನಿಲ್ಲಿಸಬಹುದು ಅಂತ ಯಾವ ಅಧ್ಯಯನ ನೋಡಿ ಬರೆದಿರಿ? ಅದನ್ನೊಮ್ಮೆ ಕಳಿಸಿದರೆ ಓದುತ್ತೇನೆ. ನಮ್ಮಲ್ಲೇ ಎಲ್ಲೋ ತಪ್ಪಾಗಿದೆ."

ಬಾಸ್ ಮೈಕ್ ಆಫ್ ಮಾಡಿ, "ಟೀಮ್ ನೋಡಿ ಹೇಳ್ತದೆ ಅನ್ನಿ," ಅಂದರು. ನಾನು ಮೈಕ್ ಆನ್ ಮಾಡಿ ಹೇಳಿದೆ, "ತಪ್ಪು ನಿಮ್ಮದಲ್ಲ. ಬರೆದವಳು ನಾನು. ಅಧ್ಯಯನ ಯಾವುದೂ ಇಲ್ಲ. ಕಾಲಂ ತುಂಬಿಸಬೇಕಿತ್ತು, ತುಂಬಿಸಿದೆ."

ಬಾಸ್ ಕುರ್ಚಿ ಹಿಂದೆ ಸರಿಸಿದರು. ಆಕೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಕರಡು ನನ್ನ ಹತ್ತಿರವೂ ಬಂದಿತ್ತು," ಅಂದರು. "ಆ ವಾಕ್ಯವನ್ನು ನಾಲ್ಕು ಸಲ ಓದಿದೆ. ನನಗಿಂತ ಹುಲ್ಲು ಬಲ್ಲವರು ಯಾರೋ ಬರೆದಿರಬೇಕು ಅಂದುಕೊಂಡು ಸಹಿ ಹಾಕಿದೆ."