ಸಂತುವಿನ ವಯಸ್ಸು ಹುಡುಕಿದ ಶಬ್ರೀನ

ದಹಿಸರ್‌ನ ನಮ್ಮ ಚಾಳಿನಲ್ಲಿ ಗ್ಯಾಸ್ ಒಲೆ ರಿಪೇರಿ ಮಾಡುವ ಕರೀಮಸಾಬನ ಮಗಳು ಶಬ್ರೀನ ಅಪರಾಧಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಾಳೆ. ವಯಸ್ಸು ತಪ್ಪಾಗಿ ಬರೆಸಿದ್ದರಿಂದ ಎಷ್ಟು ಮಕ್ಕಳು ದೊಡ್ಡವರ ಜೈಲು ಸೇರುತ್ತಾರೆ ಎಂಬುದು ಅವಳ ವಿಷಯ. ಬರೆದದ್ದನ್ನೆಲ್ಲ ಕನ್ನಡದಲ್ಲಿ ನನಗೆ ಹೇಳುತ್ತಾಳೆ. ನನಗೆ ತಿಳಿಯದ್ದನ್ನು ಹೊಡೆದುಹಾಕುತ್ತಾಳೆ. ನಾನು ಶಾಲೆಯ ಕಟ್ಟೆ ಹತ್ತದೆ ಅಂಗಡಿ ಬೋರ್ಡು ನೋಡಿ ಅಕ್ಷರ ಕಲಿತವನು. ಯೂನಿವರ್ಸಿಟಿಯಲ್ಲಿ ಇಂಥ ಪರೀಕ್ಷಕ ಅವಳಿಗೆ ಸಿಗಲಿಕ್ಕಿಲ್ಲ.

ಹೋದ ಮಳೆಗಾಲದಲ್ಲಿ ಮುಲುಂಡ್‌ನ ಸಂತು ಎಂಬ ಹುಡುಗ ಬೈಕು ಕದ್ದು ಸಿಕ್ಕಿಬಿದ್ದ. ಕೊರಿಯರ್ ಕೆಲಸಕ್ಕೆ ಹದಿನೆಂಟು ತುಂಬಿರಬೇಕೆಂದು ಅವನಪ್ಪ ಖಂಡಪ್ಪ ಆಧಾರ್ ಕಾರ್ಡಿನಲ್ಲಿ ಎರಡು ವರ್ಷ ಏರಿಸಿಬಿಟ್ಟಿದ್ದ. ಕಾರ್ಡು ಹತ್ತೊಂಬತ್ತು ಅಂದಿತು, ಹುಡುಗ ಜೈಲು ಸೇರಿದ. ಕಟ್ಟಡ ಕೆಲಸಕ್ಕೆ ಯಾದಗಿರಿ ಕಡೆಯಿಂದ ಈ ಮರಾಠಿ ಸೀಮೆಗೆ ಬಂದು ಕಟ್ಟಡದಿಂದ ಕಟ್ಟಡಕ್ಕೆ ತಿರುಗಿದ ಕುಟುಂಬ. ಶಾಲೆಯ ದಾಖಲೆಯೂ ಇಲ್ಲ. ಶುಕ್ರವಾರ ಕೋರ್ಟಿಗೆ ಜನನಪತ್ರ ಕೊಡದಿದ್ದರೆ ಅವನು ಅಲ್ಲೇ ಕೊಳೆಯಬೇಕು.

ಸಂಶೋಧನೆಗೆಂದು ಈ ಕೇಸು ಹಿಡಿದ ಶಬ್ರೀನಳಿಗೆ ಅವನ ತಾಯಿ ದೇವಕ್ಕ ಹೇಳುತ್ತಿದ್ದದ್ದು ಒಂದೇ ಮಾತು: "ಚೊಚ್ಚಲ ಹೆರಿಗಿ ತವರಾಗೇ ಅಲ್ಲೇನವ್ವ? ನಮ್ಮಣ್ಣ ಬಂದು ಕರಕೊಂಡು ಹೋಗಿದ್ದ." ಶಬ್ರೀನ ಆ ತವರೂರಿನ ಪಂಚಾಯಿತಿಗೆ ಮೂರು ಸಲ ಫೋನ್ ಮಾಡಿದಳು. ಅಲ್ಲಿಯ ಜನನದ ಪುಸ್ತಕದಲ್ಲಿ ಅಂಥ ದಾಖಲೆಯೇ ಇರಲಿಲ್ಲ.

ಬುಧವಾರ ಅವಳು ಪೆನ್ನು ಕಾಗದ ಬಿಟ್ಟು ಹೋಗಿ, ದೇವಕ್ಕನ ಪಕ್ಕದಲ್ಲಿ ಮೆಂತ್ಯೆಸೊಪ್ಪು ಸೋಸುತ್ತ ಕುಳಿತಳು.

"ಸಂತು ಹುಟ್ಟೂವಾಗ ಭಾಳ ತ್ರಾಸ ಆತೇನಕ್ಕ?"

"ಏನ್ ಕೇಳ್ತಿ. ಒಂದೇ ಸವನ ಚೀರಿದೆ. ನರ್ಸಬಾಯಿ 'ಗಪ್ಪ ಬಸ್' ಅಂತ ಬೈದ್ಲು. ಆಮ್ಯಾಲ ಆಕಿನೇ 'ಮುಲ್ಗಾ ಝಾಲಾ' ಅಂತ ನಕ್ಕೋತ ಗಂಡು ಕೂಸಿನ ಮಾರಿ ತೋರ್ಸಿದ್ಲು."

ಶಬ್ರೀನಳ ಕೈ ಸೊಪ್ಪಿನಲ್ಲೇ ನಿಂತಿತು. "ನಿಮ್ಮೂರಾಗ ನರ್ಸಬಾಯಿ ಮರಾಠಿ ಮಾತಾಡ್ತಾಳೇನು?"

ದೇವಕ್ಕ ಸೊಪ್ಪಿನ ಕಡ್ಡಿ ಮುರಿಯುತ್ತಲೇ ಬಾಯಿ ಬಿಟ್ಟಳು. ಆ ವರ್ಷ ಅವಳ ಗಂಡ ಖಂಡಪ್ಪನ ಮೇಲೆ ಅಣ್ಣ ಮುನಿಸಿಕೊಂಡು ಕರೆಯಲು ಬಂದೇ ಇರಲಿಲ್ಲ. ಅವಳು ಹೆತ್ತದ್ದು ಇಲ್ಲೇ, ಮುನ್ಸಿಪಾಲಿಟಿ ಆಸ್ಪತ್ರೆಯಲ್ಲಿ. ತವರಿನ ಮಾನ ಮುಚ್ಚಲು ಹೇಳಿದ ಸುಳ್ಳನ್ನು ಹದಿನೇಳು ವರ್ಷ ಸಾಕಿಕೊಂಡು ಬಂದಿದ್ದಳು.

"ತವರಿನವ್ರು ಕರೀಲಿಲ್ಲ ಅಂತ ಓಣಿ ಮುಂದ ಹೆಂಗ ಹೇಳ್ಲಿ, ತಾಯಿ?"

"ಓಣಿ ಮುಂದ ಬ್ಯಾಡ, ಜಡ್ಜ್ ಮುಂದ ಹೇಳು."

"ಶುಕ್ರವಾರ ನಮ್ಮಣ್ಣನೂ ಬರ್ತಾನ."

"ಬರಲಿ. ಈ ಸಲನಾದ್ರೂ ಬಂದ ಅಂತ ಆತು."

ದೇವಕ್ಕನಿಗೆ ನಗು ತಡೆಯಲಾಗಲಿಲ್ಲ.

ಗುರುವಾರ ಮುನ್ಸಿಪಾಲಿಟಿ ಕಚೇರಿಯ ಹಳೆಯ ಪುಸ್ತಕದಲ್ಲಿ ದಾಖಲೆ ಸಿಕ್ಕಿತು: ತಾಯಿ ದೇವಕ್ಕ, ತಂದೆ ಖಂಡಪ್ಪ, ಗಂಡು. ತೊಟ್ಟಿಲಿಗೆ ಹಾಕುವ ಮುಂಚೆ ಬರೆಸಿದ್ದರಿಂದ ಮಗುವಿನ ಹೆಸರಿನ ಜಾಗ ಖಾಲಿ. ಆ ತಾರೀಖಿನ ಲೆಕ್ಕಕ್ಕೆ, ಬೈಕು ಕದ್ದ ದಿನ ಸಂತುವಿಗೆ ಹದಿನೇಳು ವರ್ಷ ಎರಡು ತಿಂಗಳು.

ಶುಕ್ರವಾರ ನ್ಯಾಯಾಧೀಶೆ ಕೇಳಿದ್ದೂ ಆ ಖಾಲಿ ಜಾಗವನ್ನೇ: ಈ ಮಗು ಸಂತುವೇ ಎಂದು ಹೇಗೆ ನಂಬುವುದು? ದೇವಕ್ಕ ಸೆರಗು ಸರಿಮಾಡಿಕೊಂಡು ಒಮ್ಮೆ ಅಣ್ಣನನ್ನು ನೋಡಿದಳು.

"ನನಗ ಇವನೊಬ್ನೇ ಮಗ ರೀ. ಅಣ್ಣ ಕರೀಲಿಕ್ಕ ಬರಲಿಲ್ಲ, ಇಲ್ಲೇ ಹಡದೀನಿ."

ಕೋರ್ಟಿನಲ್ಲಿ ಯಾರೂ ಅಣ್ಣನನ್ನು ಕೇಳಿರಲಿಲ್ಲ. ಆದರೂ ಅವನು ಹಿಂದಿನ ಬೆಂಚಿನಿಂದ ಎದ್ದು ನಿಂತ. "ಖರೇ ಅದ ರೀ. ತಪ್ಪು ನಂದು." ಅವನ ಮಾತನ್ನೂ ಬರೆದುಕೊಂಡರು. ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಯಿತು. ಸಂತು ಜೈಲು ಬಿಟ್ಟು ಮಕ್ಕಳ ವೀಕ್ಷಣಾಲಯಕ್ಕೆ ಹೊರಟ.

ವರಾಂಡದಲ್ಲಿ ಅವನು ಶಬ್ರೀನಳನ್ನು ಕೇಳಿದ: "ದೀದಿ, ಮತ್ಲಬ್ ಲೈಸೆನ್ಸ್ ಅಭೀ ನಹೀಂ ಮಿಲೇಗಾ?"

"ಲೈಸೆನ್ಸ್ ಆಮ್ಯಾಲ ಸಿಗ್ತದ, ಮೊದ್ಲು ಸ್ವಂತ ಬೈಕು ತಗೋ," ಎಂದಳು ಅವಳು. ಹಿಂದೆ ಬರುತ್ತಿದ್ದ ಅಣ್ಣ ತಂಗಿ ಇಬ್ಬರೂ ನಕ್ಕರು.