ಮಾವನವರು ಕೋಟೆಗೆ ಹೊರಟದ್ದು

ರೈಲಿಲ್ಲದ ದೇಶದಲ್ಲಿ ಬಹುಕಾಲ ಇದ್ದವರಿಗೆ ರೈಲು ಪ್ರಯಾಣವೆಂಬುದು ಒಂದು ಬಗೆಯ ಕಾವ್ಯವಾಗಿಬಿಡುತ್ತದೆ. ಅದರ ಧೂಳು, ನೂಕುನುಗ್ಗಲು, ವಿಳಂಬಗಳೆಲ್ಲ ಮರೆತುಹೋಗಿ ಕಿಟಕಿಯೊಂದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಕುವೈತಿನಲ್ಲಿ ನಮಗೆ ತರಕಾರಿಗೂ ಕಾರು, ವಾಯುವಿಹಾರಕ್ಕೂ ಕಾರು. ಆದ್ದರಿಂದ ನನ್ನ ಗಂಡನಿಗೆ ಲಂಡನ್ನಿನಲ್ಲಿ ತರಬೇತಿಯೆಂದು ನಿಶ್ಚಯವಾಗಿ, ಮನೆಮಂದಿಯೂ ಜೊತೆಗೆ ಹೋಗಬಹುದೆಂದು ತಿಳಿದಾಗ ನಾನು ಕನಸು ಕಂಡದ್ದು ಲಂಡನ್ನನ್ನಲ್ಲ, ಅಲ್ಲಿಂದ ಹೊರಡುವ ರೈಲನ್ನು.

ರೈಲೆಂದ ಮೇಲೆ ಅದು ಎಲ್ಲಿಗಾದರೂ ಹೋಗಬೇಕಲ್ಲ? ಆ ವರ್ಷ ಕುವೈತಿನ ಸಲ್ವಾ ಬಡಾವಣೆಯ ನಮ್ಮ ಮನೆಯಲ್ಲಿ ಮಾವನವರಿದ್ದರು. ತುಮಕೂರಿನ ಹೈಸ್ಕೂಲೊಂದರಲ್ಲಿ ಜೀವಮಾನವಿಡೀ ಚರಿತ್ರೆಯ ಪಾಠ ಹೇಳಿದವರು. ಇಂಗ್ಲೆಂಡಿನ ರಾಜರಾಣಿಯರ ಕಲಹಗಳು ಅವರಿಗೆ ಸ್ವಂತ ದಾಯಾದಿಗಳ ಕಲಹಗಳಷ್ಟೇ ಪರಿಚಿತ. ಆದರೆ ಆ ರಾಜರು ಬಾಳಿದ ಅರಮನೆಯ ಒಂದು ಕಲ್ಲನ್ನೂ ಅವರು ಕಣ್ಣಾರೆ ಕಂಡಿರಲಿಲ್ಲ. ಕಂಪ್ಯೂಟರಿನಲ್ಲಿ ಸರೋವರದ ನಡುವೆ ನಿಂತ ಲೀಡ್ಸ್ ಕೋಟೆಯ ಚಿತ್ರ ಕಂಡದ್ದೇ, ಅವರಿಗೆ ತೋರಿಸಬೇಕಾದದ್ದು ಇದನ್ನೇ ಎಂದು ತೀರ್ಮಾನಿಸಿದೆ. ಲೀಡ್ಸ್ ಕೋಟೆ ಲೀಡ್ಸ್ ನಗರದಲ್ಲಲ್ಲದೆ ಇನ್ನೆಲ್ಲಿದ್ದೀತು? ಆ ನಗರವೋ ಉತ್ತರದಲ್ಲಿ ಬಹಳ ದೂರ. ದೂರವಿದ್ದಷ್ಟೂ ರೈಲಿನ ಸುಖ ದೀರ್ಘವೆಂದು ಹಿಗ್ಗಿ, ನಸುಕಿನಲ್ಲೇ ಹೊರಡುವುದೆಂದೂ ಚಪಾತಿ ಪಲ್ಯ ಕಟ್ಟಿಕೊಳ್ಳುವುದೆಂದೂ ಕಿಟಕಿಯ ಪಕ್ಕ ಮಾವನವರೇ ಕೂರುವುದೆಂದೂ ಸಕಲವನ್ನೂ ಸೋಫಾದ ಮೇಲೆ ಕುಳಿತೇ ವ್ಯವಸ್ಥೆ ಮಾಡಿದೆ.

ಮಾವನವರು ಮಾತ್ರ ಜಾರಿಕೊಳ್ಳತೊಡಗಿದರು. ಮೊದಲು ಅಲ್ಲಿ ಚಳಿ ಎಂದರು. ಉಣ್ಣೆಯ ಕೋಟು ತಂದೆ. ಆಮೇಲೆ ಅಷ್ಟು ದೂರ ಕೂರಲು ಮಂಡಿ ನೋವೆಂದರು. ಕಡೆಗೆ, ನೀವು ಮೂವರು ಹೋಗಿಬನ್ನಿ, ನಾನು ಹೋಟೆಲಿನಲ್ಲಿ ಪೇಪರು ಓದಿಕೊಂಡಿರುತ್ತೇನೆ ಎಂದರು. ತಾತನಿಗೆ ಏನಾಗಿದೆಯೆಂದು ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ವಯಸ್ಸಾದವರು ಹಾಗೆಯೇ ಎಂದು ಗಂಡ ಕನ್ನಡದಲ್ಲಿ ಉತ್ತರಿಸಿದ. ನನಗೆ ಸಮಾಧಾನವಾಗಲಿಲ್ಲ. ನನ್ನ ಯಾವ ಮಾತು ಅವರ ಮನಸ್ಸಿಗೆ ನಾಟಿತೋ, ಯಾವ ದಿನದ ಸಾರಿಗೆ ಉಪ್ಪು ಹೆಚ್ಚಾಯಿತೋ ಎಂದು ಸೊಸೆಯಾದವಳು ಮಾಡುವ ಆತ್ಮಶೋಧನೆಯನ್ನೆಲ್ಲ ಮಾಡಿ ಮುಗಿಸಿದೆ.

ಒಂದು ಸಂಜೆ ಜಾಬ್ರಿಯಾ ಬಡಾವಣೆಯಲ್ಲಿದ್ದ ಗೆಳತಿಯ ಮನೆಯಿಂದ ಅವರನ್ನು ಕೂರಿಸಿಕೊಂಡು ಹಿಂತಿರುಗುತ್ತಿದ್ದೆ. ದಾರಿಯಲ್ಲಿ ಎಲ್ಲೋ ಅಪಘಾತವಾಗಿ ಕಾರುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಪಕ್ಕದಲ್ಲಿ ಮಾವನವರು ಸೀಟಿನ ಅಂಚಿಗೆ ಸರಿದರು. ಹಣೆಯಲ್ಲಿ ಬೆವರು, ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದರು. ಎದೆನೋವೇ ಎಂದು ಗಾಬರಿಯಿಂದ ಕೇಳಿದೆ. ಅಲ್ಲವೆಂದು ತಲೆಯಾಡಿಸಿ, ಎಲ್ಲಾದರೂ ಸ್ವಲ್ಪ ನಿಲ್ಲಿಸಬೇಕಲ್ಲಮ್ಮ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಹೇಗೋ ಪಕ್ಕದ ರಸ್ತೆಗೆ ನುಗ್ಗಿ, ಮಸೀದಿಯೊಂದರ ಬಳಿ ನಿಲ್ಲಿಸಿದೆ. ಅದರ ಹೊರಗೋಡೆಯ ಪಕ್ಕದಲ್ಲಿದ್ದ ಶೌಚಾಲಯದತ್ತ ಅವರು ಓಡಿದರೆಂದೇ ಹೇಳಬೇಕು. ಮಂಡಿನೋವಿನ ಸುಳಿವೂ ಇರಲಿಲ್ಲ.

ತಿರುಗಿ ಬಂದು ಕುಳಿತವರು ನನ್ನತ್ತ ನೋಡದೆ, ಎದುರಿನ ಗಾಜನ್ನೇ ನೋಡುತ್ತ ಹೇಳಿದರು.

"ಇದಕ್ಕೇ ಕಣಮ್ಮ ಬರಲ್ಲ ಅಂದಿದ್ದು. ತಡೆದುಕೊಳ್ಳೋಕೆ ಆಗಲ್ಲ. ಅಷ್ಟು ದೂರದ ರೈಲಲ್ಲಿ, ಅಷ್ಟು ಜನದ ಮಧ್ಯೆ ಏನಾದರೂ ಆದರೆ ನಿಮ್ಮ ಮುಖ ಹೇಗೆ ನೋಡಲಿ?"

"ನಿಮ್ಮ ಮಗನಿಗಾದರೂ ಹೇಳಬಹುದಿತ್ತಲ್ಲ ಮಾವ?"

"ಅವನ ಒದ್ದೆ ಚಡ್ಡಿ ಬದಲಾಯಿಸಿದವನು ನಾನು. ಅವನಿಗೆ ಹೇಗೆ ಹೇಳಲಿ?"

ನನ್ನ ಮೇಲೆ ಮುನಿಸಿಲ್ಲ ಎಂಬ ನಿರಾಳತೆ ಮೊದಲು ಬಂದಿತೆಂದು ಸಂಕೋಚದಿಂದಲೇ ಹೇಳುತ್ತಿದ್ದೇನೆ. ಅವರ ಕಷ್ಟದ ಅರಿವು ಅದರ ಬೆನ್ನಿಗೆ ಬಂತು. ಡಾಕ್ಟರಿಗೆ ತೋರಿಸೋಣ ಎಂದೆ. ಅವರು ಒಪ್ಪಿ, ಗಂಟಲು ಸರಿಮಾಡಿಕೊಂಡರು.

"ಇನ್ನೊಂದು ವಿಷಯ. ಆ ಕೋಟೆ ಲೀಡ್ಸ್ ಊರಲ್ಲಿಲ್ಲಮ್ಮ. ಕೆಂಟ್ ಅಂತ ಬೇರೆ ಕಡೆ ಇದೆ, ಲಂಡನ್ನಿಗೆ ಹತ್ತಿರ."

ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದೆ.

"ಹೇಳಿದ್ದರೆ ದೂರ ಅನ್ನೋ ನೆಪ ಹೋಗಿಬಿಡ್ತಿತ್ತು. ಟಿಕೆಟ್ ತಗೊಳ್ಳೋ ಹೊತ್ತಿಗೆ ಹೇಳೋಣ ಅಂತಿದ್ದೆ."

ಚರಿತ್ರೆಯ ಮೇಷ್ಟ್ರನ್ನು ಮನೆಯಲ್ಲೇ ಇಟ್ಟುಕೊಂಡು ಕೋಟೆಯ ವಿಳಾಸವನ್ನು ಊಹೆಯಿಂದ ಬರೆದವಳ ಪಾಂಡಿತ್ಯಕ್ಕೆ ನಾನೇ ನಗತೊಡಗಿದೆ. ಅವರೂ ನಕ್ಕರು. ಹಿಂದಿನ ಕಾರಿನವನು ಹಾರ್ನ್ ಹೊಡೆದ ಮೇಲೆಯೇ ನಾವು ಅಲ್ಲಿಂದ ಕದಲಿದ್ದು.

ಗಂಡನಿಗೆ ನಾನೇ ವಿಷಯ ತಿಳಿಸಿದೆ. ಆ ವಾರವೇ ಕುವೈತಿನಲ್ಲೇ ಇದ್ದ ಮಂಗಳೂರಿನ ಕಡೆಯ ಡಾಕ್ಟರೊಬ್ಬರಿಗೆ ತೋರಿಸಿದೆವು. ಪರೀಕ್ಷೆಯ ಫಲಿತಾಂಶ ಬರುವವರೆಗೆ ಮನೆಯಲ್ಲಿ ಯಾರೂ ಕೋಟೆಯ ಮಾತೆತ್ತಲಿಲ್ಲ. ಗಂಡ ಮಾತ್ರ ಕಾರಣವಿಲ್ಲದೆ ಅಪ್ಪನ ಪಕ್ಕದಲ್ಲಿ ಹೋಗಿ ಕೂರುತ್ತಿದ್ದ. ಡಾಕ್ಟರು ಎಲ್ಲವನ್ನೂ ನೋಡಿ, "ಎಂತ ಹೆದರುವುದು ಮಾರಾಯ್ರೆ? ಕೆಟ್ಟದ್ದು ಏನೂ ಇಲ್ಲ. ಈ ಪ್ರಾಯದಲ್ಲಿ ಇದು ಇದ್ದದ್ದೇ. ಮಾತ್ರೆ ತೆಕ್ಕೊಳ್ಳಿ, ರೈಲು ಹತ್ತಿ," ಎಂದರು. ಮಾವನವರು ಅವರ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು.

ಹಿರಿಯರಿಗೆ ಏನು ಬೇಕೆಂದು ನಾವು ಹತ್ತು ಸಲ ಕೇಳುತ್ತೇವೆ. ಯಾವುದಕ್ಕೆ ಅಂಜಿಕೆಯೆಂದು ಕೇಳಲು ಹೊಳೆಯುವುದೇ ಇಲ್ಲ. ಹೊಳೆದರೂ ಅದಕ್ಕೊಂದು ಟ್ರಾಫಿಕ್ ಜಾಮ್ ಬೇಕು.

ಹೊಸ ಯೋಜನೆಯನ್ನು ಮಾವನವರೇ ಮಾಡಿದರು. ಲಂಡನ್ನಿನಿಂದ ರೈಲು ಹೊರಟ ಸ್ವಲ್ಪ ಹೊತ್ತಿಗೆ ಎದ್ದು ಶೌಚಾಲಯವಿದ್ದ ಬೋಗಿಯ ತುದಿಗೆ ನಡೆದರು. ಹಿಂದೆಯೇ ಹೊರಟ ಗಂಡನ ತೋಳು ಹಿಡಿದು ಕೂರಿಸಿದೆ. ಮರಳಿ ಬಂದು, ಅಗತ್ಯವೇನಿರಲಿಲ್ಲ, ಸುಮ್ಮನೆ ನೋಡಿಬಂದೆ, ಚೊಕ್ಕಟವಾಗಿದೆ ಎಂದು ವರದಿಯೊಪ್ಪಿಸಿ, ಕಾಲು ಚಾಚಿ ಕುಳಿತವರು ಕಿಟಕಿಗೆ ತಲೆಯಾನಿಸಿ ನಿದ್ದೆಹೋದರು. ಕೆಂಟಿನ ಹಸಿರೆಲ್ಲ ಅವರ ಗೊರಕೆಯ ಆಚೆ ಹಾದುಹೋಯಿತು. ನಮ್ಮ ಸ್ಟೇಷನ್ ಬಂದಾಗ ಭುಜ ಅಲ್ಲಾಡಿಸಿ ಎಬ್ಬಿಸಬೇಕಾಯಿತು.

"ಬಂದೇಬಿಡ್ತಾ?" ಎಂದು ಕಣ್ಣುಜ್ಜಿಕೊಂಡು ಹೊರಗೆ ನೋಡಿದರು. "ಇನ್ನೂ ಸ್ವಲ್ಪ ದೂರ ಇರಬೇಕಿತ್ತು ಕಣಮ್ಮ."