ಚೆರ್ರಿ ಬಿಯರು ಮತ್ತು ಸೇಂದಿ ಮಾರಿದ ಅತ್ತೆ

ಕಾಲುವೆಗೆ ನೀರು ಬಂದು ಹಲವು ವರ್ಷಗಳಾದ ಮೇಲೆ ನಮ್ಮ ಕಡೆಯ ಹೊಲಗಳಲ್ಲಿ ಸವಳು ಏಳತೊಡಗಿತು. ಭತ್ತಕ್ಕೆಂದು ನೀರು ನಿಲ್ಲಿಸಿ ನಿಲ್ಲಿಸಿ, ಕರಿಮಣ್ಣಿನ ಮೇಲೆ ಬಿಳಿ ಉಪ್ಪು ಹೊಮ್ಮುತ್ತಿತ್ತು. ಅದನ್ನು ನೋಡಲು ಅಮೆರಿಕದಿಂದ ಮಣ್ಣಿನ ತಜ್ಞನೊಬ್ಬ ಭೀಮರಾಯನಗುಡಿಗೆ ಬಂದ. ನಾನು ಆಗ ಮಣ್ಣು, ನೀರು ಪರೀಕ್ಷಿಸುವ ಸಣ್ಣ ಲ್ಯಾಬೊಂದರಲ್ಲಿ ಸಹಾಯಕನಾಗಿದ್ದೆ. ಒಂದು ತಿಂಗಳು ಅವನ ಜೊತೆ ಜೀಪಿನಲ್ಲಿ ವನದುರ್ಗದ ಕಡೆಗೆಲ್ಲ ಅಲೆದೆ. ಮಣ್ಣು ಅಗೆದು ಚೀಲಕ್ಕೆ ತುಂಬುವುದು, ಚೀಟಿ ಬರೆದು ಕಟ್ಟುವುದು ನನ್ನ ಕೆಲಸ.

ಊರಿಗೆ ಹೊರಡುವ ದಿನ ಅವನು ಡ್ರೈವರನಿಗೆ ತನ್ನ ಟೋಪಿ ಕೊಟ್ಟ, ಅಡುಗೆಯವನಿಗೆ ಟಾರ್ಚು ಕೊಟ್ಟ. ನನ್ನ ಕೈಗೆ ಟವೆಲ್ಲಿನಲ್ಲಿ ಸುತ್ತಿದ ಬಾಟಲಿಯೊಂದನ್ನಿಟ್ಟು, ನಿಧಾನವಾಗಿ ಕುಡಿಯಬೇಕು ಎಂದ. ಹಾಗೆ ಹೇಳಿ ನಕ್ಕ. ಆ ನಗು ನನಗೆ ಸರಿಬರಲಿಲ್ಲ.

ಬಾಟಲಿ ದಪ್ಪ ಗಾಜಿನದು, ಕೈಯಲ್ಲಿ ಹಿಡಿದರೆ ಕಲ್ಲಿನಷ್ಟು ಭಾರ. ಬಾಯಿಗೆ ಬೆಂಡಿನ ಬಿರಡೆ, ಬಿರಡೆ ಹಾರದಂತೆ ಮೇಲೆ ತಂತಿಯ ಬಿಗಿತ. ಚೀಟಿಯ ಮೇಲೆ ಕೆಂಪು ಹಣ್ಣುಗಳ ಚಿತ್ರವಿತ್ತು. ಚೆರ್ರಿ ಹಣ್ಣು ಹಾಕಿದ, ಬೆಲ್ಜಿಯಂ ಪದ್ಧತಿಯ ಹುಳಿ ಬಿಯರು, ತಯಾರಾದದ್ದು ಅಮೆರಿಕದಲ್ಲಿ ಎಂದು ಬರೆದಿತ್ತು. ತುಂಬಿದ ವರ್ಷ ನೋಡಿದರೆ ಮೂರು ವರ್ಷ ಹಿಂದಿನದು.

ನಮ್ಮ ಸ್ಟೋರ್ ಕೀಪರಿಗೆ ತೋರಿಸಿದೆ. ಅವರು ನನಗಿಂತ ಹಿರಿಯರು, ಬಾಟಲಿಗಳ ವಿಷಯದಲ್ಲಿ ಅನುಭವಿಗಳು. ಕನ್ನಡಕ ಏರಿಸಿ ಚೀಟಿ ಓದಿಸಿಕೊಂಡರು.

"ಬಿಯರ್ ಹುಳಿ ಇರ್ತದೇನೋ? ಹುಳಿ ಆತಂದ್ರ ಕೆಟ್ಟದ ಅಂತ ಲೆಕ್ಕ. ಮೂರು ವರ್ಷ ಆಗ್ಯಾದ ಬ್ಯಾರೆ. ಹೊಳ್ಳಿ ಒಯ್ಯೋದು ತ್ರಾಸ ಅಂತ ನಿನ್ನ ಕೊರಳಿಗೆ ಕಟ್ಟಿ ಹೋಗ್ಯಾನ."

"ಬೆಲ್ಜಿಯಂ ಪದ್ಧತಿ ಅಂತ ಬರದಾರ್ರಿ."

"ಸೂರತ್ತಿನಾಗ ನೇಯ್ದು ಇಳಕಲ್ ಸೀರಿ ಅಂತ ಮಾರ್ತಾರಲ್ಲ, ಹಂಗ."

ಮನೆಯಲ್ಲಿ ಹೆಂಡತಿ ಅದನ್ನು ಹೊಸ್ತಿಲು ದಾಟಿಸಲು ಬಿಡಲಿಲ್ಲ. "ಏನೂ ಕೆಲಸ ಇಲ್ದ ಯಾರೂ ಏನೂ ಕೊಡಂಗಿಲ್ರಿ. ಅವ ನಿಮ್ಮ ಕಡಿಂದ ಏನು ಬರಿಸ್ಕೊಂಡಾನ, ಮೊದಲ ಅದನ್ನ ನೆನಪು ಮಾಡ್ಕೋರಿ" ಎಂದಳು. ನಾನು ಬರೆದದ್ದು ಚೀಲದ ಚೀಟಿಗಳನ್ನು ಮಾತ್ರ. ಆದರೂ ಅವಳ ಮಾತು ಕೇಳಿ, ಮರುದಿನ ಲ್ಯಾಬಿನಲ್ಲಿ ಅಷ್ಟೂ ಚೀಟಿಗಳ ನಕಲನ್ನು ಮತ್ತೊಮ್ಮೆ ತಿರುವಿ ಹಾಕಿದೆ. ತಪ್ಪೇನೂ ಸಿಗಲಿಲ್ಲ. ತಪ್ಪು ಸಿಗದಿದ್ದುದೇ ಇನ್ನಷ್ಟು ಅನುಮಾನಕ್ಕೆ ಕಾರಣವಾಯಿತು.

ಬಾಟಲಿ ಆ್ಯಸಿಡ್ ಸೀಸೆಗಳ ಕಪಾಟಿನಲ್ಲಿ ಎರಡು ವಾರ ಕೂತಿತು. ಚೆಲ್ಲಲು ಮನಸ್ಸಿಲ್ಲ, ಕುಡಿಯಲು ಧೈರ್ಯವಿಲ್ಲ. ಕೊನೆಗೆ ಸುರಪುರದ ಅತ್ತೆ ನೆನಪಾದಳು.

ಅವಳು ನಮ್ಮಪ್ಪನ ತಂಗಿ. ಸುರಪುರದ ಹೊರಗೆ, ಗುಡ್ಡದ ಬುಡದಲ್ಲಿ, ಗಂಡನ ಜೊತೆ ಸೇಂದಿ ಅಂಗಡಿ ನಡೆಸಿದವಳು. ಮಾಮ ಈಚಲ ಮರದ ಸೇಂದಿ ತರಿಸುತ್ತಿದ್ದ, ಅವಳು ಅಳೆದು ಕೊಡುತ್ತಿದ್ದಳು. ಮಡಕೆಗೆ ಕಿವಿಯಿಟ್ಟು ನೊರೆಯ ಸದ್ದು ಕೇಳಿ, ಇದು ಬೆಳಗಿನದು, ಇದು ನಿನ್ನೆಯದು ಎಂದು ಹೇಳಬಲ್ಲವಳು. ಮಾಮ ತೀರಿಕೊಂಡ, ಸರ್ಕಾರ ಸೇಂದಿ ಬಂದ್ ಮಾಡಿತು. ಈಗ ಅವಳು ಮಂದಿಗೆ ಕೌದಿ ಹೊಲಿದು ಕೊಡುತ್ತಿದ್ದಳು.

ಭಾನುವಾರ ಬೆಳಿಗ್ಗೆ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಶಹಾಪುರ ದಾಟಿದ ಮೇಲೆ ರಸ್ತೆ ಕುಲುಕಿದಾಗಲೆಲ್ಲ ಬಿರಡೆ ಹಾರಿ ಯಾರ ಕಣ್ಣಿಗೆ ಬಡಿಯುವುದೋ ಎಂದು ಚೀಲದ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದಿದ್ದೆ. ಪಕ್ಕದವನು ನನ್ನನ್ನು ನೋಡುವುದು, ನಾನು ಅವನನ್ನು ನೋಡುವುದು, ಹೀಗೇ ಸುರಪುರ ಬಂತು.

ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಹಳೆ ಸೀರೆಯ ತುಂಡುಗಳನ್ನು ಜೋಡಿಸುತ್ತಿದ್ದಳು. ಬಾಟಲಿ ತೆಗೆದು ಮುಂದಿಟ್ಟು, ಬಂದ ಕತೆಯನ್ನೆಲ್ಲ ಹೇಳಿದೆ.

"ಕೆಟ್ಟದೋ ಇಲ್ಲೋ ನೀನ ನೋಡಿ ಹೇಳಬೇಕು ಅತ್ತಿ."

"ಕೆಟ್ಟಿದ್ರ ನಾ ಸಾಯ್ತೀನಿ, ಚಲೋ ಇದ್ರ ನೀ ಕುಡೀತಿ. ಹೌದಿಲ್ಲೋ?" ಎಂದಳು. ನಗಲಿಲ್ಲ. ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, ಒಳಗಿನಿಂದ ಎರಡು ಸ್ಟೀಲ್ ಲೋಟ ತಂದಳು.

ತಂತಿ ಬಿಚ್ಚಿದ ಕೂಡಲೇ ಬಿರಡೆ ಸದ್ದು ಮಾಡಿ ತೊಲೆಗೆ ಬಡಿಯಿತು. ಗುಲಾಬಿ ಬಣ್ಣದ ನೊರೆ ಉಕ್ಕಿತು. ಅತ್ತೆ ಲೋಟ ತುಂಬಿಸಿಕೊಂಡು ಕಿವಿಯ ಹತ್ತಿರ ಹಿಡಿದಳು. ಆಮೇಲೆ ಮೂಗಿನ ಹತ್ತಿರ.

"ನೆಲದಾಗಿನ ಜೋಳದ ಹಗೆ ತೆರದಂಗ ಅದ ವಾಸನಿ. ಅದರ ಹಿಂದ ಬೆವತ ಕುದುರಿ ನಿಂತದ."

ಒಂದು ಗುಟುಕು ಬಾಯಿಗೆ ಹಾಕಿ, ಅತ್ತಿತ್ತ ಹೊರಳಿಸಿ, ಅಂಗಳಕ್ಕೆ ಉಗಿದಳು. ನಾನು ಏನಾಯಿತೆಂದು ಕೇಳಿದರೆ, ತಡಿ ಎಂದು ಕೈ ಮಾಡಿದಳು. ನಾಲಿಗೆಯನ್ನು ಹಲ್ಲಿಗೆ ಉಜ್ಜಿ ಉಜ್ಜಿ ನೋಡಿಕೊಳ್ಳುತ್ತಿದ್ದಳು.

"ನಿಶೆ ಏರ್ಲಿ ಅಂತ ಸೇಂದಿಗೆ ಹಾಕೋ ಪೌಡರ್ ಇದ್ರ ನಾಲಿಗಿ ದಪ್ಪ ಆಗ್ತದ. ಇದರಾಗ ಇಲ್ಲ."

ಎರಡನೆಯ ಗುಟುಕು ನುಂಗಿದಳು. ಕಣ್ಣು ಸಣ್ಣದಾಯಿತು. "ಇದು ತಾನಾಗಿ ಹುಳಿ ಆಗಿಲ್ಲೋ. ಯಾರೋ ಕುಂತು ಹುಳಿ ಬರಿಸ್ಯಾರ. ಕಟ್ಟಿಗಿ ಡಬ್ಬಿದಾಗ ಇಟ್ಟಾರ, ಹಣ್ಣು ಆಮ್ಯಾಲ ಹಾಕ್ಯಾರ. ನಮ್ಮ ಸೇಂದಿ ಸಂಜಿತನಕ ತಡೀತಿರಲಿಲ್ಲ. ಇವರು ಮೂರು ವರ್ಷ ತಡದಾರಂದ್ರ ಕಳ್ಳರಲ್ಲ, ಕಸುಬಿನವ್ರು."

ನಾನು ಕುಡಿದೆ. ಮೊದಲ ಗುಟುಕಿಗೆ ದವಡೆಯ ಮೂಲೆ ಹಿಂಡಿದಂತಾಯಿತು. ಸಿಹಿ ಬರುತ್ತದೆಂದು ಕಾದೆ, ಬರಲಿಲ್ಲ. ಚೆರ್ರಿ ಎಂದರೆ ನನಗೆ ಗೊತ್ತಿದ್ದದ್ದು ಬೇಕರಿಯ ಕೇಕಿನ ಮೇಲಿನ ಕೆಂಪು ಸಕ್ಕರೆ ಉಂಡೆ. ಇದು ಅದಲ್ಲ. ಗುಡ್ಡದ ಕವಳಿ ಹಣ್ಣನ್ನು ಬೀಜ ಸಮೇತ ಜಗಿದರೆ ಬರುವ ಒಗರು, ಅದರ ಹಿಂದೆ ಹಸಿ ಕಟ್ಟಿಗೆಯ ರುಚಿ. ಲೋಟವನ್ನು ಕೆಳಗಿಟ್ಟೆ, ಮತ್ತೆ ಎತ್ತಿಕೊಂಡೆ.

"ನಾಲಿಗಿ ದಪ್ಪ ಆತೇನು?" ಎಂದಳು ಅತ್ತೆ.

"ಇಲ್ಲ."

"ಹಂಗಾದ್ರ ಒಂದು ಮಾತು ಕೇಳ್ತೀನಿ. ಅವತ್ತು ನನ್ನ ಸೇಂದಿ ಸೀಸೆದಾಗ ತುಂಬಿಕೊಂಡು ಹೋಗಿದ್ದಿಯಲ್ಲ, ಏನು ಬಂತು ಅದರಾಗ?"

ನಾನು ಲ್ಯಾಬಿಗೆ ಸೇರಿದ ಹೊಸದರಲ್ಲಿ, ಕಾಲುವೆ ಕೆಲಸಕ್ಕೆ ಬಂದಿದ್ದ ಇಬ್ಬರು ಕೂಲಿಗಳು ಸೇಂದಿ ಕುಡಿದು ಎಚ್ಚರ ತಪ್ಪಿ ಬಿದ್ದಿದ್ದರು. ಎರಡು ದಿನಕ್ಕೆ ಎದ್ದು ಕೂತರು, ಆದರೆ ಅತ್ತೆಯ ಅಂಗಡಿಯಲ್ಲಿ ಪೌಡರ್ ಬೆರೆಸುತ್ತಾರೆ ಎಂಬ ಮಾತು ಎದ್ದಿತು. ಆಗ ನಾನು ಊಟಕ್ಕೆಂದು ಅವಳ ಮನೆಗೆ ಹೋಗಿ, ಅವಳು ರೊಟ್ಟಿ ಬಡಿಯುತ್ತಿದ್ದಾಗ, ಮಡಕೆಯಿಂದ ಒಂದು ಸಣ್ಣ ಸೀಸೆ ತುಂಬಿಕೊಂಡು ಬಂದಿದ್ದೆ. ಅವಳು ನೋಡಿಲ್ಲ ಎಂದುಕೊಂಡಿದ್ದೆ.

"ನಮ್ಮ ಲ್ಯಾಬಿನಾಗ ಅದು ಗೊತ್ತಾಗಂಗಿಲ್ಲ ಅತ್ತಿ. ಹುಳಿ ಎಷ್ಟದ ಅಂತ ಬಂತು, ಅಷ್ಟೇ."

"ಮಂದಿ ನಿನ್ನ ಕೇಳಿದ್ರು. ಲ್ಯಾಬಿನಾಗ ಇರಾವ, ನೀನರ ಹೇಳಪಾ ಅಂತ. ನನಗ ಗೊತ್ತಿಲ್ಲ ಅಂದಿ."

"ಹೌದು."

"ಅತ್ತಿ ಪೌಡರ್ ಹಾಕ್ತಾಳ ಅಂತ ತಿಳ್ಕೊಂಡಿದ್ದೇನು?"

ಸುಳ್ಳು ಹೇಳಬಹುದಿತ್ತು. "ತಿಳ್ಕೊಂಡಿದ್ದೆ" ಎಂದೆ.

ಅವಳು ಕೌದಿಯ ಅಂಚನ್ನು ಬೆರಳಿನಿಂದ ನೇರ ಮಾಡಿದಳು. ಎದ್ದು ಹೋಗು ಎನ್ನುತ್ತಾಳೆ ಎಂದುಕೊಂಡೆ.

"ನಾ ಹಾಕಿಲ್ಲ. ನಿಮ್ಮ ಮಾಮ ಹಾಕಿದ್ದನೋ ಏನೋ, ನನಗೂ ಗೊತ್ತಿಲ್ಲ. ದಿನಾ ಅಂಗಡಿ ತೆಗೆದ ಕೂಡ್ಲೇ ಎಲ್ಲಾರ ಮುಂದ ಒಂದು ಗುಟುಕು ಕುಡಿತಿದ್ದೆ, ನೆನಪದೇನು? ಮಂದಿಗೆ ನಂಬಿಕಿ ಬರ್ಲಿ ಅಂತ ಕುಡಿತಾಳ ಅಂತಿದ್ರು. ನಾ ನಿಮ್ಮ ಮಾಮನ್ನ ಪರೀಕ್ಷೆ ಮಾಡಾಕ ಕುಡಿತಿದ್ದೆ. ನಾಲಿಗಿ ದಪ್ಪ ಆಗ್ತದೋ ಏನೋ ಅಂತ."

"ಆಗಿತ್ತೇನು?"

"ಒಂದ ಒಂದ್ಸಲ ಆದಂಗ ಅನಿಸಿತ್ತು. ಅವತ್ತು ಮಡಕಿ ಎಡವಿದಂಗ ಮಾಡಿ ಕೆಡವಿದೆ. ಅವನ್ನ ಕೇಳಲಿಲ್ಲ. ಅವನೂ ಮಡಕಿ ಯಾಕ ಬಿತ್ತು ಅಂತ ಕೇಳಲಿಲ್ಲ."

ನಾನೂ ಮುಂದೆ ಕೇಳಲಿಲ್ಲ. ಸೀಸೆ ತುಂಬಿದ್ದು ತಪ್ಪಾಯಿತು ಎಂದೆ. ಸೀಸೆ ತುಂಬಿದ್ದಕ್ಕೆ ಸಿಟ್ಟಿಲ್ಲ, ಆಮೇಲೆ ಊಟಕ್ಕೆ ಬರುವುದನ್ನು ಬಿಟ್ಟೆಯಲ್ಲ, ಅದಕ್ಕೆ ಸಿಟ್ಟು ಎಂದಳು. ಅದು ನಿಜ. ಆ ವರ್ಷದಿಂದ ನಾನು ಮದುವೆ ಮುಂಜಿಗೆ ಬಿಟ್ಟರೆ ಅವಳ ಮನೆಯಲ್ಲಿ ತುತ್ತು ಮುಟ್ಟಿರಲಿಲ್ಲ.

ಅಂದು ಮಧ್ಯಾಹ್ನ ಅವಳು ರೊಟ್ಟಿ, ಪುಂಡಿಪಲ್ಯ ಮಾಡಿದಳು. ಬಾಟಲಿಯಲ್ಲಿ ಉಳಿದದ್ದನ್ನು ಊಟದ ಜೊತೆ ಹಂಚಿಕೊಂಡೆವು. ಪುಂಡಿಪಲ್ಯದ ಹುಳಿಯ ಮುಂದೆ ಬಿಯರಿನ ಹುಳಿ ಸ್ವಲ್ಪ ಸೋತಂತೆ ಕಂಡಿತು, ಹಣ್ಣಿನ ರುಚಿ ಆಗ ಮುಂದೆ ಬಂತು. ತಜ್ಞ ಇದನ್ನು ನನಗೇ ಯಾಕೆ ಕೊಟ್ಟನೋ ಈವತ್ತಿಗೂ ತಿಳಿಯದು. ಅತ್ತೆಯನ್ನು ಕೇಳಿದರೆ, "ಅವನ ಚೀಲದಾಗ ಜಾಗ ಇರ್ಲಿಕ್ಕಿಲ್ಲ" ಎಂದಳು.

ನಾಲ್ಕರ ಬಸ್ಸಿಗೆ ಹೊರಟಾಗ ಬಾಗಿಲ ತನಕ ಬಂದಳು. "ಮುಂದಿನ ಸಲ ಬಾಟ್ಲಿ ತರಬ್ಯಾಡ. ಹೆಂಡತಿನ್ನ ಕರ್ಕೊಂಡು ಬಾ."

ಮುಂದಿನ ತಿಂಗಳು ಹೆಂಡತಿಯನ್ನು ಕರೆದುಕೊಂಡು ಹೋದೆ. ಅವಳು ಮೊದಲು ಬಿಗಿಯಾಗಿಯೇ ಕೂತಿದ್ದಳು, ಆಮೇಲೆ ಕೌದಿಯ ಟಾಕಿ ಹೊಲಿಗೆಗಳನ್ನು ನೋಡುತ್ತ ಅತ್ತೆಯ ಹತ್ತಿರ ಸರಿದಳು. ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.